ಹೊರಗಿನ ಸೊನ್ನೆ

ನಮ್ಮ ಮನೆಯಲ್ಲಿ ಮಕ್ಕಳು ಶಾಲೆಯಿಂದ ಬಂದ ಕೂಡಲೇ ತಿಂಡಿ ಸಿಗುತ್ತಿರಲಿಲ್ಲ. ಮೊದಲು ಒಪ್ಪಿಸಬೇಕು. ಆವತ್ತು ಮೇಷ್ಟ್ರು ಏನು ಹೇಳಿಕೊಟ್ಟರೋ ಅದನ್ನು ಅಜ್ಜಿಯ ಮುಂದೆ ಕೂತು ಮನೆಮಾತಿನಲ್ಲಿ ಹೇಳಬೇಕು. ಶಾಲೆಯಲ್ಲಿ ತಮಿಳು, ಬೀದಿಯಲ್ಲಿ ತಮಿಳು, ಹೊಲದಲ್ಲಿ ಕೆಲಸದವರ ಜೊತೆ ತಮಿಳು. ಹೊಸಿಲು ದಾಟಿದ ಮೇಲೆ ಮಾತ್ರ ಕನ್ನಡ. ಎಷ್ಟು ತಲೆಮಾರಿನ ಹಿಂದೆ ನಮ್ಮವರು ಪಲ್ಲಡಂ ಕಡೆಗೆ ಬಂದು ನೆಲೆನಿಂತರೋ ಮನೆಯಲ್ಲಿ ಯಾರಿಗೂ ನೆನಪಿಲ್ಲ. ಹೊಸಿಲಿನ ಕಟ್ಟಳೆ ಮಾತ್ರ ಸಡಿಲವಾಗಿರಲಿಲ್ಲ.

ಅಜ್ಜಿಗೆ ಅಕ್ಷರ ಬಾರದು, ಕನ್ನಡದ್ದೂ ಇಲ್ಲ, ತಮಿಳಿನದೂ ಇಲ್ಲ. ಆದರೆ ಬಾಯಿಪಾಠ ಮಾಡಿದ್ದನ್ನು ತಮಿಳಿನಲ್ಲಿ ಗಡಗಡ ಹೇಳತೊಡಗಿದರೆ ಕೈ ಅಡ್ಡ ಹಿಡಿಯುತ್ತಿದ್ದಳು. ಅದು ನಿಮ್ಮ ಮೇಷ್ಟ್ರ ಮಾತು, ನಿನ್ನದೆಲ್ಲಿ ಎನ್ನುತ್ತಿದ್ದಳು. ನಮ್ಮ ಮಾತಿಗೆ ತಿರುಗಿಸಿ ಹೇಳಹೊರಟರೆ ನಮಗೇ ಗೊತ್ತಿಲ್ಲದ ಕಡೆ ನಾಲಿಗೆ ನಿಲ್ಲುತ್ತಿತ್ತು. ಅಜ್ಜಿ ಸರಿಯಾಗಿ ಅಲ್ಲೇ ಕೇಳುತ್ತಿದ್ದಳು. ಆಯಸ್ಕಾಂತ ಕಬ್ಬಿಣವನ್ನು ಎಳೆಯುತ್ತದೆ ಎಂದು ನಾನು ಒಪ್ಪಿಸಿದ ದಿನ ಅವಳು ಕೇಳಿದ್ದು ಒಂದೇ ಮಾತು: "ನೀರೊಳಗೂ ಎಳೀತದಾ?" ನನಗೆ ಗೊತ್ತಿರಲಿಲ್ಲ. ಅಂದು ದನದ ತೊಟ್ಟಿಯಲ್ಲಿ ಮೊಣಕೈವರೆಗೆ ಕೈ ಅದ್ದಿ, ಒಂದು ಮೊಳೆ ಬಂದು ಆಯಸ್ಕಾಂತಕ್ಕೆ ಕಚ್ಚಿಕೊಂಡಿದ್ದನ್ನು ಇಬ್ಬರೂ ನೋಡಿದ ಮೇಲೆಯೇ ನನಗೆ ತಿಂಡಿ ಸಿಕ್ಕಿದ್ದು.

ನಾನು ಕನ್ನಡ ಕಲಿತದ್ದು ಹೀಗೆ, ಹಸಿವಿನ ಹೊತ್ತಿನಲ್ಲಿ. ಅಕ್ಷರ ಆಮೇಲೆ ಬಂತು. ಪೋತ್ತನೂರಿನ ರೈಲ್ವೆ ಕ್ವಾರ್ಟರ್ಸಿನಲ್ಲಿದ್ದ ಮೈಸೂರು ಕಡೆಯ ಒಬ್ಬ ಹೆಂಗಸು ಭಾನುವಾರಗಳಲ್ಲಿ ಕೂರಿಸಿಕೊಂಡು ತಿದ್ದಿಸಿದರು. ಆಗ ನನಗೆ ಇಪ್ಪತ್ತು ದಾಟಿತ್ತು.

ಅಜ್ಜಿ ಹೋದ ಮೇಲೆ ಒಪ್ಪಿಸಿಕೊಳ್ಳುವ ಕೆಲಸ ಅವಳ ಹಿರಿಯ ಮಗ, ನನ್ನ ದೊಡ್ಡಪ್ಪನಿಗೆ ಬಂತು. ಯಾರೂ ಕೊಟ್ಟದ್ದಲ್ಲ, ತಾನಾಗಿ ಎತ್ತಿಕೊಂಡದ್ದು. ದೊಡ್ಡಪ್ಪ ಬೇಸಾಯ ಬಿಟ್ಟು ತಿರುಪ್ಪೂರಿನ ಹೊರಗೆ ಒಂದು ಗೋಡೌನ್ ಹಾಕಿದ್ದಾರೆ. ಬನಿಯನ್ ಕಂಪನಿಗಳಲ್ಲಿ ಬಟ್ಟೆ ಕತ್ತರಿಸಿದ ಮೇಲೆ ಉಳಿಯುವ ಚೂರುಗಳನ್ನು ಆ ಊರಿನಲ್ಲಿ ಬನಿಯನ್ ವೇಸ್ಟ್ ಎನ್ನುತ್ತಾರೆ. ಅದನ್ನು ತಂದು, ಬಣ್ಣ ಬಣ್ಣ ಬೇರೆ ಮಾಡಿಸಿ, ಯಂತ್ರಕ್ಕೆ ಕೊಟ್ಟು ಹಿಂಜಿ, ಪ್ರೆಸ್ಸಿನಲ್ಲಿ ಅದುಮಿ, ಕಬ್ಬಿಣದ ಪಟ್ಟಿ ಬಿಗಿದು ಬೇಲ್ ಮಾಡಿ ನೂಲಿನ ಗಿರಣಿಗಳಿಗೆ ಕಳಿಸುವುದು ಅವರ ವ್ಯಾಪಾರ. ಒಂದು ಕೋಣೆ ತುಂಬುವಷ್ಟು ಚೂರು ಒಂದು ಬೀರುವಿನಷ್ಟಾಗುತ್ತದೆ. ಚಿಕ್ಕಂದಿನಲ್ಲಿ ನಮಗೆ ಆ ಪ್ರೆಸ್ ಕೆಳಗಿಳಿಯುವುದನ್ನು ನೋಡುವುದೇ ಒಂದು ಹಬ್ಬ.

ನಾನು ಕೊಯಮತ್ತೂರಿನಲ್ಲಿ, ಆರ್.ಎಸ್. ಪುರಂನ ಒಂದು ಮಹಡಿ ಮನೆಯಲ್ಲಿ ಬಾಡಿಗೆಗಿದ್ದೆ. ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಹೇಳುತ್ತಿದ್ದೆ. ಕಾಯಂ ಕೆಲಸವಲ್ಲ, ವರ್ಷ ವರ್ಷ ಕಾಗದ ಹೊಸದು ಮಾಡಿಸಿಕೊಳ್ಳುವ ಕೆಲಸ. ಜೂನ್ ಹೊತ್ತಿಗೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿರದಿದ್ದರೆ ಮುಂದಿನ ವರ್ಷದ ಕಾಗದ ಇಲ್ಲ ಎಂದು ಪ್ರಿನ್ಸಿಪಾಲರು ನಯವಾಗಿಯೇ ಹೇಳಿದ್ದರು. ಪಾಠ ಹೇಳುತ್ತಲೇ ಏಳು ವರ್ಷ ಆ ಪ್ರಬಂಧ ಬರೆದಿದ್ದೆ. ಒಮ್ಮೆ ಗಡುವು ಮುಂದೆ ಹಾಕಿಸಿಕೊಂಡೂ ಆಗಿತ್ತು. ಕೊನೆಗೆ ಮುಗಿಯಿತು. ನನ್ನ ಗೈಡ್ ಮೇಡಂ ಸಹಿ ಹಾಕಿದರು. ಕಡುನೀಲಿ ರಟ್ಟು ಕಟ್ಟಿಸಿದ ಪ್ರತಿಗಳು ಶುಕ್ರವಾರ ಕೈಗೆ ಬಂದವು. ಸೋಮವಾರ ವಿಶ್ವವಿದ್ಯಾಲಯದ ಆಫೀಸಿಗೆ ಕೊಡಬೇಕು.

ಮುಗಿದರೆ ನೆಮ್ಮದಿ ಎಂದುಕೊಂಡಿದ್ದೆ. ಶನಿವಾರ ಬೆಳಗ್ಗೆ ಎದ್ದರೆ ಕೂರಲಾಗದು, ನಿಲ್ಲಲಾಗದು. ಒಲೆ ಮೇಲೆ ಹಾಲಿಟ್ಟು ಬಾಲ್ಕನಿಗೆ ಬಂದೆ, ಬಾಲ್ಕನಿಯಿಂದ ಒಳಗೆ ಹೋದೆ, ಹಾಲು ಉಕ್ಕಿತು. ಪ್ರತಿಯನ್ನು ತೆಗೆದು ನೋಡುವುದು, ಮುಚ್ಚಿಡುವುದು. ಯಾವುದೋ ಬಾಗಿಲಿಗೆ ಬೀಗ ಹಾಕದೆ ಬಂದ ಹಾಗೆ. ಯಾವ ಬಾಗಿಲು ಎಂದು ಹೊಳೆಯುವಷ್ಟರಲ್ಲಿ ಬಸ್ ಸ್ಟ್ಯಾಂಡಿನಲ್ಲಿದ್ದೆ. ನಾಲ್ಕನೆಯ ಅಧ್ಯಾಯವನ್ನು ನಾನು ದೊಡ್ಡಪ್ಪನಿಗೆ ಒಪ್ಪಿಸಿರಲಿಲ್ಲ.

ಮೊದಲ ಮೂರನ್ನೂ ಒಪ್ಪಿಸಿದ್ದೆ, ಹಬ್ಬಕ್ಕೋ ಹರಿದಿನಕ್ಕೋ ಹೋದಾಗ ತುಂಡು ತುಂಡಾಗಿ. ನಾಲ್ಕನೆಯದನ್ನು ಪರೀಕ್ಷೆಯ ಕಾಲದಲ್ಲಿ, ಉತ್ತರಪತ್ರಿಕೆಗಳ ಕಟ್ಟಿನ ಪಕ್ಕದಲ್ಲಿಟ್ಟುಕೊಂಡು ಅವಸರದಲ್ಲಿ ಬರೆದಿದ್ದೆ. ಇಂಗ್ಲಿಷಿನಲ್ಲಿ ಬರೆಯುವಾಗ ಅದು ಎಷ್ಟು ಸಲೀಸಾಗಿ ಹರಿದಿತ್ತು ಎಂದರೆ ನನಗೇ ಹೆಮ್ಮೆಯಾಗಿತ್ತು.

ಗೋಡೌನಿಗೆ ಹೋಗಿ ನೋಡಿದರೆ ಅಲ್ಲಿ ನನಗಿಂತ ಚಡಪಡಿಸುವವರು ಇದ್ದರು. ಅಂಗಳದಲ್ಲಿ ಒಂದು ಲಾರಿ ಅರ್ಧ ತುಂಬಿ ನಿಂತಿತ್ತು. ಅದರ ಡ್ರೈವರು ಟವೆಲಿನಿಂದ ಕತ್ತು ಒರೆಸಿಕೊಳ್ಳುತ್ತ ಅತ್ತಿತ್ತ ಓಡಾಡುತ್ತಿದ್ದ. ಬೇರೆಲ್ಲ ಬೇಲ್‌ಗಳಿಂದ ದೂರ, ಬೇವಿನ ಮರದಾಚೆಯ ಬಯಲಿನಲ್ಲಿ ಒಂದೇ ಒಂದು ಬೇಲ್ ಕೂತಿತ್ತು. ದೊಡ್ಡಪ್ಪ ಪಂಚೆ ಎತ್ತಿಕಟ್ಟಿ ಅದನ್ನು ಸುತ್ತು ಹಾಕುತ್ತಿದ್ದರು. ಒಂದು ಸುತ್ತು, ನಿಲ್ಲುವುದು, ಬಗ್ಗಿ ಮೂಸುವುದು, ಇನ್ನೊಂದು ಸುತ್ತು.

ನನ್ನನ್ನು ನೋಡಿ, "ಬಾ ಕಣ್ಣು, ನಿನ್ ಕಾಲಿಗೂ ಗಾಲಿ ಬಂದದಾ?" ಎಂದರು. ನಮ್ಮ ಕಡೆ ಅಕ್ಕರೆಗೆ ಹಾಗೆ ಕಣ್ಣು ಎನ್ನುತ್ತಾರೆ.

ಆಗಿದ್ದು ಇಷ್ಟು. ಬೆಳಗ್ಗೆ ಹಿಂಜುವ ಯಂತ್ರಕ್ಕೆ ಚೂರುಗಳ ಜೊತೆ ಒಂದು ಲೋಹದ ಗುಂಡಿ ಹೋಗಿತ್ತು. ಯಂತ್ರದ ಹಲ್ಲಿಗೆ ತಾಗಿ ಕಿಡಿ ಹಾರಿದ್ದನ್ನು ಅಲ್ಲಿ ಕೆಲಸ ಮಾಡುವ ಹೆಂಗಸೊಬ್ಬಳು ಕಂಡಳು. ಕೂಡಲೇ ನಿಲ್ಲಿಸಿ ನೀರು ಚಿಮುಕಿಸಿ ನೋಡಿದ್ದಾರೆ, ಏನೂ ಇಲ್ಲ. ಆದರೆ ಅಷ್ಟರಲ್ಲಿ ಒಂದು ಬೇಲಿನಷ್ಟು ಮಾಲು ಪ್ರೆಸ್ಸಿಗೆ ಹೋಗಿಬಿಟ್ಟಿತ್ತು. ಹರಡಿದ ಹತ್ತಿಗೆ ಕಿಡಿ ಬಿದ್ದರೆ ಭಗ್ ಎಂದು ಉರಿದು ಕಣ್ಣಿಗೆ ಕಾಣುತ್ತದೆ, ಆರಿಸಬಹುದು. ಅದುಮಿದ ಬೇಲಿನೊಳಗೆ ಸಿಕ್ಕಿಬಿದ್ದ ಕಿಡಿಯ ಬಾಳೇ ಬೇರೆ. ಅದು ಉರಿಯುವುದಿಲ್ಲ, ಆರುವುದೂ ಇಲ್ಲ. ಹೊರಗೆ ಮುಟ್ಟಿದರೆ ತಣ್ಣಗೆ. ದಿನಗಟ್ಟಲೆ ಒಳಗೊಳಗೇ ತಿನ್ನುತ್ತ ಹೋಗಿ, ದಾರಿಯಲ್ಲೋ, ಗಿರಣಿಯ ಉಗ್ರಾಣದಲ್ಲೋ ಪಟ್ಟಿ ಬಿಚ್ಚಿ ಗಾಳಿ ಕಂಡಾಗ ಎದ್ದು ನಿಲ್ಲುತ್ತದೆ. ಅದಕ್ಕೇ ಕಿಡಿ ಕಂಡ ಹೊತ್ತಿನ ಬೇಲನ್ನು ಬಯಲಿಗೆ ತಂದು ಒಂಟಿಯಾಗಿ ಕೂರಿಸುವುದು.

ದೊಡ್ಡಪ್ಪ ಅದರ ನಡುಮಧ್ಯಕ್ಕೆ ಒಂದು ಉದ್ದನೆಯ ಕಬ್ಬಿಣದ ಕಂಬಿ ಹೊಗಿಸಿದ್ದರು. ಎಲೆಯಡಿಕೆ ಒಂದು ಸುತ್ತು ಅಗಿದು ಮುಗಿಸುವಷ್ಟು ಹೊತ್ತು ಬಿಟ್ಟು, ಎಳೆದು, ಅದರ ತುದಿಯನ್ನು ಮುಂಗೈ ಒಳಭಾಗಕ್ಕೆ ತಾಗಿಸಿ ನೋಡುವುದು ಅವರ ಕ್ರಮ. ಒಂದು ಸಲ ನೋಡಿ ಆಗಿತ್ತಂತೆ, ತಣ್ಣಗಿತ್ತಂತೆ. ಆದರೂ ಇನ್ನೊಂದು ಕಡೆಯಿಂದ ಮತ್ತೆ ಹೊಗಿಸಿದ್ದರು. ಕಂಬಿ ಒಳಗಿರುವಷ್ಟು ಹೊತ್ತು ಮಾಡಲು ಕೆಲಸವಿಲ್ಲ. ನನ್ನ ಕೈಚೀಲದ ಕಡೆ ನೋಡಿ, ಪುಸ್ತಕ ಆಯ್ತಾ ಎಂದು ಕೇಳಿದರು. ಆಯ್ತು, ಸೋಮವಾರ ಕೊಡ್ತೀನಿ ಎಂದೆ. ಬೇವಿನ ಬೊಡ್ಡೆಯ ಪಕ್ಕದ ಕಲ್ಲನ್ನು ತೋರಿಸಿ, "ಒಪ್ಪಿಸು ಮತ್ತೆ," ಎಂದರು. ಅವರು ಕೂರಲಿಲ್ಲ. ನಾನೂ ಕೂತವಳು ಅರ್ಧ ಗಳಿಗೆಗೆ ಎದ್ದೆ. ಇಬ್ಬರೂ ಆ ಬೇಲನ್ನು ಸುತ್ತುತ್ತಲೇ ಮಾತಾಡಿದೆವು.

ಇಷ್ಟು ವರ್ಷ ಒಪ್ಪಿಸಿದ್ದನ್ನು ನಿಮಗೂ ಒಂದು ಸಲ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ತಿಳಿಯದು. ಸೂರ್ಯನಿಗಿಂತ ಬಹಳ ದೊಡ್ಡ ನಕ್ಷತ್ರಗಳಲ್ಲಿ ಕೆಲವು ಕೊನೆಗೆ ತಮ್ಮ ಭಾರಕ್ಕೆ ತಾವೇ ಕುಸಿದು ನ್ಯೂಟ್ರಾನ್ ನಕ್ಷತ್ರವಾಗುತ್ತವೆ. ಅದರ ಅಗಲ ಸುಮಾರು ಇಪ್ಪತ್ತು ಕಿಲೋಮೀಟರು, ಕೊಯಮತ್ತೂರಿನಿಂದ ಅವಿನಾಶಿಗೆ ಹೋಗುವ ಅರ್ಧ ದಾರಿ. ಭಾರ ಮಾತ್ರ ಒಂದು ಸೂರ್ಯನಿಗಿಂತ ಹೆಚ್ಚು. ಅದರಿಂದ ಒಂದು ಸಾಸಿವೆ ಕಾಳಿನಷ್ಟು ತೆಗೆದರೆ ತಿರುಪ್ಪೂರಿನ ಎಲ್ಲ ಲಾರಿಗಳೂ ಸೇರಿ ಹೊರಲಾರವು. ದೊಡ್ಡಪ್ಪ ಇದನ್ನು ಮೊದಲ ಸಲ ಕೇಳಿದಾಗ, ಅದನ್ನು ಅದುಮಿದ ಪ್ರೆಸ್ ಯಾವ ಕಂಪನಿದು ಎಂದಿದ್ದರು.

ಇನ್ನು ಆಕ್ಸಿಯಾನ್. ಅದು ಇನ್ನೂ ಯಾರ ಕಣ್ಣಿಗೂ, ಯಾವ ಯಂತ್ರಕ್ಕೂ ಸಿಕ್ಕಿಲ್ಲದ ಕಣ. ಪರಮಾಣುವಿನ ತಿರುಳನ್ನು ಹಿಡಿದಿಡುವ ಬಲದ ಲೆಕ್ಕದಲ್ಲಿ ಒಂದು ಒಗಟು ಉಳಿದುಕೊಂಡಿದೆ. ಇಂಥ ಕಣವೊಂದು ಇದ್ದರೆ ಆ ಒಗಟು ಬಿಡುತ್ತದೆ ಎಂದು ತಿಳಿದವರು ಊಹಿಸಿದ್ದಾರೆ, ಅಷ್ಟೆ. ಇಲ್ಲದ್ದಕ್ಕೆ ಏಳು ವರ್ಷವಾ ಎಂದು ದೊಡ್ಡಪ್ಪ ನನ್ನನ್ನು ಆಡಿಕೊಳ್ಳುತ್ತಿದ್ದರು. ಇಲ್ಲ ಎಂದೂ ಗೊತ್ತಿಲ್ಲವಲ್ಲ ಎಂದು ನಾನು. ಅದು ಇದ್ದರೆ, ನ್ಯೂಟ್ರಾನ್ ನಕ್ಷತ್ರದಂಥ ಕಡೆ ಅದರ ಸುಳಿವು ಸಿಗಬೇಕು. ಅಷ್ಟು ಒತ್ತಿದ ಒಡಲೊಳಗಿನಿಂದ ಬೆಳಕು ಹೊರಬರಲಾರದು, ಆಕ್ಸಿಯಾನ್ ಮಾತ್ರ ಸಲೀಸಾಗಿ ಹೊರಗೆ ನಡೆದುಬಿಡುತ್ತದೆ. ಬರುವಾಗ ಒಳಗಿನ ಬಿಸಿಯನ್ನು ಹೊತ್ತು ತರುತ್ತದೆ. ಹಾಗಾಗಿ ನಕ್ಷತ್ರ ಲೆಕ್ಕಕ್ಕಿಂತ ಬೇಗ ತಣ್ಣಗಾಗುತ್ತಿದ್ದರೆ ಯಾರೋ ಒಳಗಿಂದ ಬಿಸಿ ಸಾಗಿಸುತ್ತಿದ್ದಾರೆ ಎಂದರ್ಥ. ಎಷ್ಟು ಸಾಗಿಸಬಹುದು ಎಂಬುದೇ ನನ್ನ ನಾಲ್ಕನೆಯ ಅಧ್ಯಾಯ.

ಅದನ್ನು ಹೇಳತೊಡಗಿದೆ. ಆಕ್ಸಿಯಾನ್ ಹುಟ್ಟಬೇಕಾದರೆ ಅದಕ್ಕೆ ಒಳಗಿನ ಕಣಗಳ ಜೊತೆ ಅಂಟು ಇರಬೇಕು. ಹೆಚ್ಚು ಅಂಟಿದ್ದರೆ ಹೆಚ್ಚು ಹುಟ್ಟುತ್ತದೆ. ನಾನು ಹಿಡಿದ ಮಾದರಿಯ ಆಕ್ಸಿಯಾನಿಗೆ ಪ್ರೋಟಾನಿನ ಜೊತೆ ಅಂಟುಂಟು, ನ್ಯೂಟ್ರಾನಿನ ಜೊತೆ ಇಲ್ಲವೆನ್ನುವಷ್ಟು ಕಡಿಮೆ. ನ್ಯೂಟ್ರಾನಿನೊಳಗೆ ಎರಡು ಬಗೆಯ ಕಿರುಕಣಗಳಿವೆ. ಒಂದರ ಎಳೆತ ಈ ಕಡೆ, ಇನ್ನೊಂದರದು ಆ ಕಡೆ. ಹಗ್ಗಜಗ್ಗಾಟದಲ್ಲಿ ಇಬ್ಬರೂ ಸಮ ಬಲದವರಾದರೆ ಹಗ್ಗ ಅಲ್ಲಾಡುವುದಿಲ್ಲವಲ್ಲ, ಹಾಗೆ. "ಅದಕ್ಕೇ ಅದನ್ನ ಸೊನ್ನೆ ಅಂತ ಬಿಟ್ಬಿಟ್ಟೆ ದೊಡ್ಡಪ್ಪ," ಎಂದೆ.

ದೊಡ್ಡಪ್ಪ ನಿಂತರು. ಆ ನಕ್ಷತ್ರದಲ್ಲಿ ಪ್ರೋಟಾನು ಹೆಚ್ಚೋ ಅದು ಹೆಚ್ಚೋ ಎಂದು ಕೇಳಿದರು. ನ್ಯೂಟ್ರಾನೇ ಹೆಚ್ಚು, ಅದಕ್ಕೇ ಆ ಹೆಸರು ಎಂದೆ. ಹೆಚ್ಚಿರುವುದನ್ನೇ ಬಿಟ್ಟೆಯಾ ಎಂದರು. ಅಂಟು ಇಲ್ಲವಲ್ಲ, ಸೊನ್ನೆಯನ್ನು ಎಷ್ಟರಿಂದ ಗುಣಿಸಿದರೂ ಸೊನ್ನೆಯೇ ಎಂದೆ. ತರಗತಿಯಲ್ಲಿ ಹೇಳುವ ದನಿ ನನಗರಿವಿಲ್ಲದೆ ಬಂದಿತ್ತು.

"ಸೊನ್ನೆ ಅಂತ ಎಲ್ಲಿ ಅಳೆದ್ರು?"

"ಆ ಕಿರುಕಣಗಳ ಗುಣ ಅಳೆದದ್ದು ಇಲ್ಲೇ, ಭೂಮಿ ಮೇಲೆ. ಅದರಿಂದ ಲೆಕ್ಕ ಹಾಕಿದ್ರೆ ಸೊನ್ನೆ ಬರ್ತದೆ."

"ಅದು ಹೊರಗಿನ ಸೊನ್ನೆ. ಒಳಗೂ ಸೊನ್ನೆಯೇನಾ?"

ನಾಲಿಗೆ ನಿಂತಿತು. ಅಜ್ಜಿಯ ಮುಂದೆ ನಿಲ್ಲುತ್ತಿತ್ತಲ್ಲ, ಅದೇ ಜಾಗದಲ್ಲಿ. ದೊಡ್ಡಪ್ಪ ಬೇಲಿನ ಕಡೆಯೇ ನೋಡುತ್ತ, ಗೆಲ್ಲುವ ಉಮೇದು ಯಾವುದೂ ಇಲ್ಲದೆ, ತನಗೇ ಹೇಳಿಕೊಳ್ಳುವಂತೆ ಹೇಳಿದರು: "ಪೊಂಗಲ್‌ಗೆ ಬಂದಾಗ ನೀನೇ ಅಂದೆ, ಒತ್ತಿದ ಕಡೆ ಹೋದರೆ ಅದು ಹಗುರ ಆಗ್ತದೆ ಅಂತ. ತೂಕ ಬದಲಾಗೋ ಕಡೆ ಅಂಟು ಮಾತ್ರ ಚುಮ್ಮಾ ಹಂಗೇ ಇರ್ತದಾ?"

ಹೌದು, ಅಂದಿದ್ದೆ. ಅದು ನನ್ನದೇ ಎರಡನೆಯ ಅಧ್ಯಾಯ. ಅತಿ ಸಾಂದ್ರವಾದ ವಸ್ತುವಿನೊಳಗೆ ತಿರುಳನ್ನು ಹಿಡಿದಿಡುವ ಆ ಬಲದ ನೆಲೆಯೇ ಸಡಿಲವಾಗುವುದರಿಂದ ಆಕ್ಸಿಯಾನಿನ ತೂಕ ಇಳಿಯುತ್ತದೆ ಎಂದು ಪುಟಗಟ್ಟಲೆ ಬರೆದವಳು ನಾನೇ. ಎರಡು ಅಧ್ಯಾಯ ದಾಟುವಷ್ಟರಲ್ಲಿ ಅಂಟಿನ ಅಂಕಿಯನ್ನು ಮಾತ್ರ ಹೊರಗಿನ ಪಟ್ಟಿಯಿಂದ ತಂದು ಹಾಗೇ ಇಟ್ಟುಬಿಟ್ಟಿದ್ದೆ. ಬಯಲಿನಲ್ಲಿ ಸಮವಾಗಿ ನಿಂತ ಹಗ್ಗಜಗ್ಗಾಟ, ಒಳಗೆ ಒಬ್ಬನ ಕಾಲಡಿಯ ನೆಲ ಮೆತ್ತಗಾದರೆ?

ಇದು ಬೇರೆ ಯಾರ ಮನೆಯಲ್ಲಾದರೂ ನಡೆಯುತ್ತಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಇಂಗ್ಲಿಷಿನಲ್ಲಿ ನಾನು ಬರೆದದ್ದು ಒಂದೇ ಸಾಲು: ನ್ಯೂಟ್ರಾನಿನ ಪಾಲು ಗಣನೆಗೆ ಬಾರದಷ್ಟು ಕಡಿಮೆ. ಎಲ್ಲರೂ ಹಾಗೆ ಬರೆಯುತ್ತಾರೆ, ಆ ಸಾಲಿನ ಮೇಲೆ ಕಣ್ಣು ಜಾರಿಕೊಂಡು ಹೋಗುತ್ತದೆ. ಮನೆಮಾತಿಗೆ ತಿರುಗಿಸಿದಾಗ ಮಾತ್ರ 'ಬಿಟ್ಬಿಟ್ಟೆ' ಎಂದು ಒಪ್ಪಿಕೊಳ್ಳಬೇಕಾಯಿತು. ಬಿಟ್ಟದ್ದು ಯಾರು, ಯಾಕೆ ಎಂದು ಕೇಳುವವರು ಎದುರಿಗಿದ್ದರು. ನಾನು ಮಾಡಿದ ತಪ್ಪು ಆಕ್ಸಿಯಾನಿನದಲ್ಲ. ಒಪ್ಪಿಸದೆ ರಟ್ಟು ಕಟ್ಟಿಸಿದ್ದು ನನ್ನ ತಪ್ಪು.

ಅಷ್ಟರಲ್ಲಿ ಡ್ರೈವರು ಬಂದು ಹೊತ್ತಾಯಿತೆಂದು ತಮಿಳಿನಲ್ಲಿ ಗೋಗರೆದ. ದೊಡ್ಡಪ್ಪ ಕಂಬಿ ಎಳೆದು ತುದಿಯನ್ನು ಮುಂಗೈಗೆ ಹಿಡಿದರು. ನನ್ನ ಮುಂಗೈಗೂ ಹಿಡಿದರು. ತಣ್ಣಗಿತ್ತು. ಡ್ರೈವರು, ಆಯ್ತಲ್ಲ, ಏರಿಸೋಣವಾ ಎನ್ನುವ ಹಾಗೆ ಕೈ ಮಾಡಿದ. ದೊಡ್ಡಪ್ಪ ಪ್ರೆಸ್ಸಿನವರ ಕಡೆ ತಿರುಗಿ, ಪಟ್ಟಿ ಕತ್ತರಿಸಲು ಹೇಳಿದರು.

ಕಂಬಿ ಎರಡು ಸಲವೂ ತಣ್ಣಗಿತ್ತಲ್ಲ ಎಂದು ನಾನೇ ಕೇಳಿದೆ. ನನಗೆ ಯಾಕೋ ಅವರು ಅದನ್ನು ಕತ್ತರಿಸದಿದ್ದರೆ ಸಾಕಾಗಿತ್ತು.

"ಕಂಬಿ ಹೋದ ದಾರಿಯ ಸಂಗತಿ ಕಂಬಿ ಹೇಳ್ತದೆ. ಪಕ್ಕದ ದಾರಿದು ಅದಕ್ಕೇನು ಗೊತ್ತು?" ಎಂದರು.

ಪಟ್ಟಿ ಕತ್ತರಿಸಿದರೆ ಬೇಲ್ ಸುಮ್ಮನೆ ಬಿಚ್ಚಿಕೊಳ್ಳುವುದಿಲ್ಲ, ಉಸಿರು ಬಿಟ್ಟ ಹಾಗೆ ಉಬ್ಬುತ್ತದೆ. ನೀರಿನ ಪೈಪು ಹಿಡಿದು ಇಬ್ಬರು ನಿಂತರು. ಪದರ ಪದರ ಕಿತ್ತು ಬಯಲಿನಲ್ಲಿ ಹರಡಿದರು. ನಾನೂ ಸೀರೆಯ ಸೆರಗು ಸಿಕ್ಕಿಸಿಕೊಂಡು ಕಿತ್ತೆ. ಬಿಳಿ, ಬಿಳಿ, ನಡುವೆ ಎಲ್ಲೋ ತಪ್ಪಿ ಬಂದ ಹಳದಿ. ಎಲ್ಲಾದರೂ ಒಂದು ಕಪ್ಪು ಕಲೆ ಕಂಡೀತೇ ಎಂದು ನಾನು ಹುಡುಕಿದ ಹಾಗೆ ಬೇರೆ ಯಾರೂ ಹುಡುಕಿರಲಿಕ್ಕಿಲ್ಲ. ಕೇಡು ಇದರಲ್ಲೇ ಸಿಕ್ಕಿಬಿಟ್ಟರೆ ನನ್ನ ಅಧ್ಯಾಯ ಉಳಿಯುತ್ತದೆಂದು ಯಾವುದೋ ಹುಚ್ಚು ಹರಕೆ ಹೊತ್ತವಳಂತೆ. ತಳದವರೆಗೂ ಹೋದೆವು. ಏನೂ ಇರಲಿಲ್ಲ. ಬೇಲ್ ಚೊಕ್ಕಟವಾಗಿತ್ತು.

ಡ್ರೈವರು ಲಾರಿಗೆ ಒರಗಿ ನಕ್ಕ. ಅಷ್ಟೊತ್ತು ವೇಲೆ ಕೆಟ್ಟಿತು ಎಂದ. ವೇಲೆ ಎಂದರೆ ಕೆಲಸ. ದೊಡ್ಡಪ್ಪನೂ ನಕ್ಕು, ಅದಕ್ಕೆ ಹೌದೆಂದರು. ಮತ್ತೆ ಅದುಮಲು ಹೇಳಿ ಮುಖ ತೊಳೆಯಲು ಹೋದರು. ಅಷ್ಟೂ ಹೊತ್ತು ಸುತ್ತು ಹಾಕಿದ ಮನುಷ್ಯ ಈಗ ಗೋಡೆಗೊರಗಿ ಕಾಲು ಚಾಚಿ ಕೂತಿದ್ದರು. ತಮ್ಮ ಊಹೆ ತಪ್ಪಾಯಿತಲ್ಲ ಎಂಬ ಮುಜುಗರ ಅವರ ಮುಖದಲ್ಲಿ ಇರಲೇ ಇಲ್ಲ. ಅವರು ಬೇಲ್ ಕೆಟ್ಟಿದೆ ಎಂದಿರಲಿಲ್ಲ. ಗೊತ್ತಿಲ್ಲ ಎಂದಿದ್ದರು, ಅಷ್ಟೆ.

ಊಟಕ್ಕೆ ನಿಲ್ಲೆಂದರು. ಒಪ್ಪಿಸಿ ಮುಗಿದಿಲ್ಲವಲ್ಲ ದೊಡ್ಡಪ್ಪ ಎಂದು ಹೇಳಿ ಬಸ್ಸು ಹಿಡಿದೆ.

ಭಾನುವಾರ ಬೆಳಕು ಹರಿಯುವ ಮೊದಲೇ ಕೂತೆ. ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಲ್ಲಿ ಲೆಕ್ಕ ಮತ್ತೆ ಮೊದಲಿನಿಂದ. ಸಾಂದ್ರತೆ ಹೆಚ್ಚಿದಂತೆ ಆ ಎರಡು ಎಳೆತಗಳು ಎಷ್ಟೆಷ್ಟು ಬದಲಾಗುತ್ತವೆ ಎಂದು ನೋಡಬೇಕು. ಬೇಕಾದ ಸೂತ್ರ ನನ್ನ ಎರಡನೆಯ ಅಧ್ಯಾಯದಲ್ಲೇ ಇತ್ತು, ಅದನ್ನು ನಾಲ್ಕನೆಯದಕ್ಕೆ ತಂದಿರಲಿಲ್ಲ. ನಡುವೆ ಎದ್ದು ಎದ್ದು ಓಡಾಡುತ್ತಿದ್ದೆ. ಕೆಳಗಿನ ಮನೆಯವರು ಬಂದು, ಏನಾದರೂ ಕಳೆದುಹೋಗಿದೆಯಾ ಅಮ್ಮ ಎಂದು ಕೇಳಿಹೋದರು. ಮಧ್ಯಾಹ್ನದ ಹೊತ್ತಿಗೆ ಗೊತ್ತಾಯಿತು. ಎರಡೂ ಒಂದೇ ರೀತಿ ಬದಲಾಗುವುದಿಲ್ಲ. ಒಳಗೆ ಹಗ್ಗ ಒಂದು ಕಡೆಗೆ ಜಾರುತ್ತದೆ. ಸೊನ್ನೆ ಸೊನ್ನೆಯಾಗಿ ಉಳಿಯುವುದಿಲ್ಲ. ಬಹಳ ದೊಡ್ಡ ಅಂಕಿಯೇನಲ್ಲ, ಆದರೆ ಅದನ್ನು ಅಷ್ಟೊಂದು ನ್ಯೂಟ್ರಾನುಗಳಿಂದ ಗುಣಿಸಬೇಕು. ನನ್ನ ಅಧ್ಯಾಯದ ಕೊನೆಯ ಮಾತು, ಇಂಥ ಆಕ್ಸಿಯಾನ್ ಹೊತ್ತು ತರುವ ಬಿಸಿ ಲೆಕ್ಕಕ್ಕಿಲ್ಲದಷ್ಟು ಕಡಿಮೆ ಎಂಬುದು, ನಿಲ್ಲುವ ಹಾಗಿರಲಿಲ್ಲ.

ದೊಡ್ಡಪ್ಪನ ಬೇಲಿನಲ್ಲಿ ಕಿಡಿ ಇರಲಿಲ್ಲ. ನನ್ನದರಲ್ಲಿ ಇತ್ತು.

ಸೋಮವಾರ ವಿಶ್ವವಿದ್ಯಾಲಯಕ್ಕೆ ಹೋಗುವ ಬಸ್ಸಿನಲ್ಲಿ ಚೀಲದೊಳಗೆ ನೀಲಿ ರಟ್ಟಿನ ಪ್ರತಿಗಳೂ ಇದ್ದವು, ಪ್ರಶ್ನೆಪತ್ರಿಕೆಗಳ ಬೆನ್ನಿನ ಲೆಕ್ಕವೂ ಇತ್ತು. ಯಾವುದನ್ನು ಹೊರತೆಗೆಯುತ್ತೇನೆ ಎಂದು ಇಳಿಯುವವರೆಗೂ ನನಗೆ ಗೊತ್ತಿರಲಿಲ್ಲ ಎಂದರೆ ನಂಬಿ. ಕೊಟ್ಟುಬಿಡು, ಪರೀಕ್ಷಕರು ಕೇಳಿದರೆ ತಿದ್ದಿದರಾಯಿತು ಎಂದು ಒಂದು ನಿಲ್ದಾಣದಲ್ಲಿ ಅನಿಸುತ್ತಿತ್ತು. ಕೇಳದಿದ್ದರೆ ಎಂದು ಮುಂದಿನ ನಿಲ್ದಾಣದಲ್ಲಿ. ಕೇಳದಿದ್ದರೆ ಅದು ಗ್ರಂಥಾಲಯದಲ್ಲಿ ತಣ್ಣಗೆ ಕೂತಿರುತ್ತದೆ; ಮುಂದೆ ಯಾರೋ ನಂಬಿ ಅದರ ಮೇಲೆ ತಮ್ಮ ಲೆಕ್ಕ ಕಟ್ಟುತ್ತಾರೆ. ಜೂನ್ ತಿಂಗಳು ಕಣ್ಣ ಮುಂದೆ ಬರುತ್ತಿತ್ತು, ಮನೆ ಬಾಡಿಗೆಯೂ ಅದರ ಹಿಂದೆ.

ಆಫೀಸಿಗೆ ಹೋಗುವ ಮೊದಲು ಗೈಡ್ ಮೇಡಂ ಕೋಣೆಗೆ ಹೋದೆ. ಬಿಗಿಯಾದ ಹೆಂಗಸು. ಅವರ ಮುಂದೆ ನಾನು ಲೆಕ್ಕದ ಕಾಗದಗಳನ್ನೇ ಇಟ್ಟೆ. ಕೈ ತಾನಾಗಿ ಅದನ್ನೇ ತೆಗೆಯಿತು. ಅವರು ಮೊದಲಿನಿಂದ ಕೊನೆವರೆಗೆ ಓದಿದರು, ಎದ್ದು ಬೋರ್ಡಿನ ಮೇಲೆ ಎರಡು ಸಾಲು ತಾವೇ ಹಾಕಿ ನೋಡಿದರು, ಒರೆಸಿದರು, ಮತ್ತೆ ಹಾಕಿದರು. ಅಷ್ಟು ಹೊತ್ತು ನಾನು ಅವರ ಮೇಜಿನ ಮೇಲಿನ ಪೇಪರ್‌ವೇಟನ್ನು ತಿರುಗಿಸುತ್ತಿದ್ದೆ, ಅವರು ಬಂದು ಅದನ್ನು ತೆಗೆದಿಟ್ಟರು. ಇದು ಯಾರ ಕಣ್ಣಿಗೆ ಬಿತ್ತು ಎಂದು ತಮಿಳಿನಲ್ಲಿ ಕೇಳಿದರು. ನಮ್ಮ ದೊಡ್ಡಪ್ಪನ ಕಣ್ಣಿಗೆ ಎಂದೆ. ಅವರು ಎಲ್ಲಿ ಪ್ರೊಫೆಸರು ಎಂದರು. ತಿರುಪ್ಪೂರಿನಲ್ಲಿ, ಬನಿಯನ್ ವೇಸ್ಟ್ ವ್ಯಾಪಾರ ಎಂದೆ.

ಬೇಲಿನ ಕತೆಯನ್ನೂ ಹೇಳಿದೆ. ಮೇಡಂ ನಗಲಿಲ್ಲ. ಹೋಲಿಕೆ ಸರಿಯಿಲ್ಲ ಎಂದರು: ಬೇಲಿನೊಳಗಿನ ಕಿಡಿ ಬದುಕುವುದು ಸಿಕ್ಕಿಬಿದ್ದ ಗಾಳಿಯಿಂದ, ನಕ್ಷತ್ರದೊಳಗೆ ಅಂಥದ್ದೇನೂ ಇಲ್ಲ; ಕಿಡಿ ಕಿಡಿಯಾಗಿಯೇ ಇರುತ್ತದೆ, ಇಲ್ಲಿ ಕಣದ ಗುಣವೇ ಬದಲಾಗುತ್ತದೆ. ಹೌದು, ಸರಿಯಿಲ್ಲ. ನಾನೂ ಅದನ್ನು ಪ್ರಬಂಧದಲ್ಲಿ ಬರೆಯಲು ಹೊರಟಿರಲಿಲ್ಲ. ಕೊನೆಗೆ ಅವರು ಕನ್ನಡಕ ತೆಗೆದು, "ಸಹಿ ಹಾಕಿದವಳು ನಾನು. ನನ್ನ ಕಣ್ಣೂ ಅಲ್ಲಿ ನಿಲ್ಲಲಿಲ್ಲ," ಎಂದರು. ಗಡುವು ಮುಂದೆ ಹಾಕಿಸಲು ನಾನೇ ಪತ್ರ ಬರೆಯುತ್ತೇನೆ, ಆದರೆ ಇದು ಕೊನೆಯದು, ಆರು ತಿಂಗಳು ಎಂದರು. ಕಾಲೇಜಿನ ವಿಷಯ ತಮ್ಮ ಕೈಯಲ್ಲಿಲ್ಲ ಎಂದರು. ಅದು ನನಗೂ ಗೊತ್ತಿತ್ತು.

ಜೂನಿನಲ್ಲಿ ಕಾಲೇಜಿನ ಹೊಸ ಕಾಗದ ಬರಲಿಲ್ಲ. ಪ್ರಿನ್ಸಿಪಾಲರು ಚಹಾ ಕುಡಿಸಿಯೇ ಕಳಿಸಿಕೊಟ್ಟರು. ಆರ್.ಎಸ್. ಪುರಂನ ಮಹಡಿ ಬಿಟ್ಟು ಪೋತ್ತನೂರಿನ ಕಡೆ ಒಂದು ಸಣ್ಣ ಮನೆ ಹಿಡಿದೆ, ಹನ್ನೆರಡನೆಯ ತರಗತಿಯ ಮಕ್ಕಳಿಗೆ ಬೆಳಗ್ಗೆ ಸಂಜೆ ಟ್ಯೂಷನ್ ಹೇಳಿದೆ, ನಡುವಿನ ಹೊತ್ತಿನಲ್ಲಿ ನಾಲ್ಕನೆಯ ಅಧ್ಯಾಯವನ್ನು ಬಿಚ್ಚಿ ಕಟ್ಟಿದೆ. ರೈಲು ಹೋದಾಗಲೆಲ್ಲ ಕಿಟಕಿ ನಡುಗುತ್ತಿತ್ತು, ನಾನು ಎದ್ದು ಒಂದು ಸುತ್ತು ಹಾಕಿ ಬಂದು ಕೂರುತ್ತಿದ್ದೆ. ಆ ಆರು ತಿಂಗಳಲ್ಲಿ ನಾನು ಸವೆಸಿದ ನೆಲ ವಾಲ್ಪಾರೈ ಘಾಟಿ ಹತ್ತಿ ಇಳಿಯುವಷ್ಟಾದೀತು.

ಹೊಸ ಅಧ್ಯಾಯ ಮುಗಿದಾಗ ಈ ಸಲ ರಟ್ಟು ಕಟ್ಟಿಸಲಿಲ್ಲ. ಬಿಡಿ ಹಾಳೆಗಳನ್ನೇ ಚೀಲಕ್ಕೆ ಹಾಕಿಕೊಂಡು ಗೋಡೌನಿಗೆ ಹೋದೆ. ದೊಡ್ಡಮ್ಮನೂ ಅಂದು ಊಟದ ಬುತ್ತಿ ತಂದು ಅಲ್ಲೇ ಇದ್ದರು. ದೊಡ್ಡಪ್ಪ ಕೇಳುತ್ತ ಹೋದರು, ನಾನು ಒಪ್ಪಿಸುತ್ತ ಹೋದೆ. ಒಳಗೆ ಅಂಟು ಎಷ್ಟು ಬದಲಾಗುತ್ತದೆ, ಅದರಿಂದ ಬಿಸಿ ಎಷ್ಟು ಹೊರಗೆ ಬರುತ್ತದೆ, ಎಲ್ಲವೂ. ಈಗ ಎಲ್ಲೂ ನಾಲಿಗೆ ನಿಲ್ಲಲಿಲ್ಲ. ಪಕ್ಕದಲ್ಲಿ ದೊಡ್ಡಮ್ಮ ಅಕ್ಕಿ-ಬೇಳೆ ಅನ್ನವನ್ನು ತಟ್ಟೆಗೆ ಹಾಕಿ, ಮುಗಿಯಲಿ ಎಂದು ಕಾಯುತ್ತಿದ್ದರು.

ಮುಗಿಯಿತೆಂದುಕೊಂಡೆ. ಆಗ ದೊಡ್ಡಪ್ಪ ಕೇಳಿದರು:

"ಇದು ಅಂಚಿನ ಕಡೆ ಸರಿ. ನಟ್ಟ ನಡುವೆ ಹೆಂಗೆ?"

ನಕ್ಷತ್ರದ ನಟ್ಟ ನಡುವೆ ಒತ್ತಡ ಎಷ್ಟಿರುತ್ತದೆಂದರೆ ಅಲ್ಲಿ ನ್ಯೂಟ್ರಾನು ನ್ಯೂಟ್ರಾನಾಗಿ ಉಳಿದಿರುತ್ತದೋ ಇಲ್ಲವೋ ಎಂಬುದೇ ತಿಳಿಯದು. ನನ್ನ ಸೂತ್ರ ಅಷ್ಟು ಆಳಕ್ಕೆ ಹೋಗುವುದಿಲ್ಲ. ಒಂದು ಗೆರೆಯವರೆಗೆ ನಡೆಯುತ್ತದೆ, ಅದರಾಚೆ ಊಹೆ. ಗೆರೆಯಾಚೆಗೂ ಅದೇ ಸೂತ್ರವನ್ನು ನಾನು ಮೆಲ್ಲಗೆ ಎಳೆದುಕೊಂಡು ಹೋಗಿದ್ದೆ, ಎಲ್ಲರೂ ಎಳೆಯುವ ಹಾಗೆ.

"ಗೊತ್ತಿಲ್ಲ ದೊಡ್ಡಪ್ಪ. ಯಾರಿಗೂ ಗೊತ್ತಿಲ್ಲ."

"ಹಂಗಂತ ಬರ್ದಿದೀಯಾ?"

ಬರೆದಿರಲಿಲ್ಲ. ಅವರು ತಮ್ಮ ಜೇಬಿನಿಂದ ಬೇಲ್‌ಗಳ ಮೇಲೆ ನಂಬರು ಬರೆಯುವ ದಪ್ಪ ಪೆನ್ನನ್ನು ತೆಗೆದು ಕೊಟ್ಟರು. ಕೊನೆಯ ಹಾಳೆಯ ಕೆಳಗೆ, ಖಾಲಿ ಉಳಿದಿದ್ದ ಜಾಗದಲ್ಲಿ ನಾನು ಬರೆದೆ. ಮೊದಲು ಬರೆದದ್ದು ಕನ್ನಡದಲ್ಲಿ: ಈ ಗೆರೆಯಿಂದಾಚೆ ಅಂಟು ಎಷ್ಟೆಂದು ಗೊತ್ತಿಲ್ಲ, ಅಲ್ಲಿಯ ಅಂಕಿ ಊಹೆ. ಇಂಗ್ಲಿಷು ಆಮೇಲೆ. ದೊಡ್ಡಪ್ಪನಿಗೆ ಕನ್ನಡ ಅಕ್ಷರ ಓದಲು ಬಾರದು, ಓದಿ ಹೇಳಿದೆ. ಅಷ್ಟೂ ಹೊತ್ತು ತಟ್ಟೆ ಹಿಡಿದೇ ಇದ್ದ ದೊಡ್ಡಮ್ಮ, ಅನ್ನ ಆರಿಹೋಯಿತೆಂದು ಗೊಣಗುತ್ತ ಅದನ್ನು ನನ್ನ ಕೈಗಿತ್ತರು.

ದೊಡ್ಡಪ್ಪ ಆಗಲೇ ಎದ್ದು ಹೊರಟಿದ್ದರು. ಪ್ರೆಸ್ಸಿನ ಹತ್ತಿರ ಯಾವುದೋ ಬೇಲನ್ನು ಬಗ್ಗಿ ಮೂಸುತ್ತಿದ್ದರು. ನಾನು ಉಣ್ಣತೊಡಗಿದೆ. ಅನ್ನ ಚೆನ್ನಾಗಿತ್ತು. ಕಾಲು ಮಾತ್ರ ತಟ್ಟೆಯ ಕೆಳಗೆ ಅಲ್ಲಾಡುತ್ತಲೇ ಇತ್ತು. ನಟ್ಟ ನಡುವೆ ಹೆಂಗೆ, ನಟ್ಟ ನಡುವೆ ಹೆಂಗೆ.